ಕಟಿಶೂಲವೂ ಕರ್ಮದ ಲೆಕ್ಕವೂ

ಶೂಲವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಿಂದಿನ ಕಾಲದಲ್ಲಿ ಅಪರಾಧಿಯನ್ನು ಏರಿಸುತ್ತಿದ್ದ ಮೊನೆಯುಳ್ಳ ಕಂಬ ಒಂದು. ದೇಹದೊಳಗೆ ಚುಚ್ಚುವ ನೋವು ಇನ್ನೊಂದು. ಟೊಂಕದ ನೋವನ್ನು ಕಟಿಶೂಲವೆಂದೂ ಕೀಲುಗಳ ನೋವನ್ನು ಸಂಧಿಶೂಲವೆಂದೂ ನಮ್ಮ ವೈದ್ಯರು ಕರೆಯುತ್ತ ಬಂದಿದ್ದಾರೆ. ಶಿಕ್ಷೆಗೂ ನೋವಿಗೂ ಒಂದೇ ಶಬ್ದ ನಿಂತುದರಿಂದಲೋ ಏನೋ, ಕಾರಣ ತಿಳಿಯದ ನೋವನ್ನು ಕಂಡೊಡನೆ ಅದು ಯಾವುದೋ ತಪ್ಪಿಗೆ ಬಂದ ಶಿಕ್ಷೆಯೆಂದು ಭಾವಿಸುವ ವಾಡಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಈ ವಾಡಿಕೆಯು ಧರ್ಮಸಮ್ಮತವೇ ಎಂಬುದು ಇಲ್ಲಿ ವಿಚಾರಿಸತಕ್ಕ ಸಂಗತಿ.

ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೊರಟು, ಮಂದ್ರೂಪವನ್ನು ಹಾದು, ಟಾಕಳಿಯಲ್ಲಿ ಭೀಮಾನದಿಯನ್ನು ದಾಟಿ ಹೋಗುವ ವಿಜಾಪುರ ರಸ್ತೆಯ ಇಕ್ಕೆಲಗಳಲ್ಲಿ ವಾಸಿಸುವ ಜನ ಬೆನ್ನನ್ನೇ ನಂಬಿ ಬದುಕಿದವರು. ಹಿಂಗಾರಿ ಬಿಳಿಜೋಳವನ್ನು ದಿನವಿಡೀ ಬಗ್ಗಿ ಬೇರುಸಹಿತ ಕೀಳುವವರು, ಕಬ್ಬಿನ ಹಂಗಾಮಿನಲ್ಲಿ ಟೋಳಿ ಕಟ್ಟಿಕೊಂಡು ಪರವೂರಿಗೆ ಹೋಗಿ ಹೊರೆ ಹೊರುವವರು, ಮಗ್ಗದ ಮುಂದೆ ನಿಂತೇ ಪಾಳಿ ಮುಗಿಸುವವರು, ತೊಡೆಯ ಮೇಲೆ ಮರ ಇಟ್ಟುಕೊಂಡು ಬೆಳಗಿನಿಂದ ಬೈಗಿನವರೆಗೆ ಕತ್ತು ಬಗ್ಗಿಸಿ ಬೀಡಿ ಕಟ್ಟುವ ತಾಯಂದಿರು, ಇವರೆಲ್ಲರ ಮನೆಗಳಲ್ಲಿಯೂ ಟೊಂಕನೋವು ಹೊಸ ಅತಿಥಿಯಲ್ಲ. ದುಡಿದ ದಿನ ನೋಯುವುದು, ಮಲಗಿ ಎದ್ದರೆ ಇಳಿಯುವುದು. ಅದರ ವಿಷಯದಲ್ಲಿ ಯಾರೂ ದೇವರನ್ನು ಪ್ರಶ್ನಿಸುವುದಿಲ್ಲ. ಪ್ರಶ್ನೆ ಹುಟ್ಟುವುದು ಇಳಿಯದ ನೋವಿನ ವಿಷಯದಲ್ಲಿ. ಮೂರು ತಿಂಗಳು ಕಳೆದರೂ ಬಿಡದು. ದುಡಿಮೆ ನಿಲ್ಲಿಸಿದರೂ ಬಿಡದು. ಟೊಂಕದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕೈಬೆರಳಿನ ಗೆಣ್ಣಿಗೆ ತಿರುಗಾಡುವುದು. ದವಾಖಾನೆಗೆ ಹೋದರೆ ಕ್ಷಕಿರಣಚಿತ್ರ ತೆಗೆಯುವರು, ರಕ್ತ ಪರೀಕ್ಷಿಸುವರು, ಕೊನೆಗೆ ಕಾಗದಗಳನ್ನು ಕೈಯಲ್ಲಿಟ್ಟು ‘ಏನೂ ದೋಷ ಕಾಣಿಸುವುದಿಲ್ಲ’ ಎಂದು ಹೇಳಿ ಕಳುಹಿಸುವರು.

ಈ ಮಾತು ಸಮಾಧಾನವನ್ನು ತರಬೇಕಾಗಿತ್ತು. ಮನೆಗೆ ಬರುವಷ್ಟರಲ್ಲಿ ಅದು ಆರೋಪವಾಗಿ ಮಾರ್ಪಡುತ್ತದೆ. ದೋಷವಿಲ್ಲವೆಂದಮೇಲೆ ನೋವು ಹೇಗಿದ್ದೀತು, ಇದು ಮೈಗಳ್ಳತನವೆಂದು ಕೆಲವರು. ದೇಹದಲ್ಲಿ ದೋಷವಿಲ್ಲವೆಂದಮೇಲೆ ಕರ್ಮದಲ್ಲಿಯೇ ದೋಷವಿರಬೇಕೆಂದು ಮತ್ತೆ ಕೆಲವರು. ‘ಹಿಂದಿನ ಜನ್ಮದಾಗ ಏನ್ ಮಾಡಿದ್ಳೋ ಏನೋ, ಈಗ ಉಣ್ಣಾಕತ್ತಾಳ’ ಎಂಬ ನೆರೆಮನೆಯವಳ ಮಾತು ಹಾಸಿಗೆಯಲ್ಲಿ ಮಲಗಿದ ತಾಯಿಯ ಕಿವಿಗೆ ಬೀಳದೆ ಇರುವುದಿಲ್ಲ. ಟೊಂಕದ ನೋವಿನ ಮೇಲೆ ಈ ಮಾತಿನ ನೋವೂ ಸೇರಿ, ಆಕೆ ರಾತ್ರಿಯೆಲ್ಲ ತನ್ನ ಜೀವನದ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತ ಕೂಡುತ್ತಾಳೆ. ತಪ್ಪು ಮಾಡದ ಮನುಷ್ಯರಾರು? ಹುಡುಕಿದವರಿಗೆಲ್ಲ ಸಿಗುತ್ತದೆ. ಸಿಕ್ಕಿದ ತಪ್ಪನ್ನೂ ಬಂದ ನೋವನ್ನೂ ಜೋಡಿಸಿ ಲೆಕ್ಕ ಸರಿಹೋಯಿತೆಂದು ಹೇಳುವುದು ಬಹಳ ಸುಲಭ.

ಈ ಲೆಕ್ಕವು ಸರಿಯಲ್ಲವೆಂದು ಹೇಳಲು ಪರದೇಶದ ಗ್ರಂಥಗಳವರೆಗೆ ಹೋಗಬೇಕಾಗಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಯ ಕಥೆಯಿದೆ. ಪುರಾಣ ಕೇಳಿದವರಿಗೆ ಇದು ವಿದುರನ ಜನ್ಮವೃತ್ತಾಂತವೆಂದು ಪರಿಚಿತ. ಆದರೆ ನೋವಿನಿಂದ ಬಳಲುವವರು ಇದನ್ನು ತಮ್ಮ ಕಥೆಯೆಂದು ಇನ್ನೊಮ್ಮೆ ಕೇಳತಕ್ಕದ್ದು.

ಮಾಂಡವ್ಯನು ತನ್ನ ಆಶ್ರಮದ ಬಾಗಿಲಿನಲ್ಲಿ ಮರದ ಬುಡದಲ್ಲಿ ಕೈಯೆತ್ತಿ ಮೌನವ್ರತದಲ್ಲಿ ನಿಂತಿದ್ದನು. ಕಳ್ಳರು ಕದ್ದ ಮಾಲನ್ನು ಹೊತ್ತು ಬಂದು ಅವನ ಆಶ್ರಮದೊಳಗೆ ಅಡಗಿದರು. ಬೆನ್ನಟ್ಟಿ ಬಂದ ರಾಜಭಟರು ಕಳ್ಳರು ಎತ್ತ ಹೋದರೆಂದು ಕೇಳಿದರೆ ಋಷಿಯು ಉತ್ತರ ಕೊಡಲಿಲ್ಲ. ಭಟರು ಒಳಹೊಕ್ಕು ಹುಡುಕಿ, ಕಳ್ಳರನ್ನೂ ಮಾಲನ್ನೂ ಹಿಡಿದು, ಸುಮ್ಮನಿದ್ದ ಋಷಿಯೂ ಅವರವನೇ ಎಂದು ಬಗೆದು ಎಲ್ಲರನ್ನೂ ರಾಜನಲ್ಲಿಗೆ ಒಯ್ದರು. ಎಲ್ಲರಿಗೂ ಶೂಲದ ಶಿಕ್ಷೆಯಾಯಿತು. ಕಳ್ಳರು ಸತ್ತರು, ಋಷಿಯು ಶೂಲದ ಮೇಲೆಯೇ ಅನ್ನಾಹಾರಗಳಿಲ್ಲದೆ ಬದುಕಿ ಉಳಿದನು.

ಇಲ್ಲಿ ಭಾರತಕಾರನು ಒಂದು ಚಿಕ್ಕ ಸಂಗತಿಯನ್ನು ಸೇರಿಸಿದ್ದಾನೆ. ಬೇರೆ ಋಷಿಗಳು ರಾತ್ರಿಯ ಹೊತ್ತು ಪಕ್ಷಿಗಳ ರೂಪದಲ್ಲಿ ಹಾರಿಬಂದು, ಮಾಂಡವ್ಯನ ಸ್ಥಿತಿಯನ್ನು ಕಂಡು ಮರುಗಿದರು. ಮರುಗಿ ಏನು ಕೇಳಿದರು? ನೀನು ಯಾವ ಪಾಪವನ್ನು ಮಾಡಿ ಈ ದುಃಖಕ್ಕೆ ಗುರಿಯಾದೆ ಎಂದು ಕೇಳಿದರು! ತಪಸ್ವಿಗಳೇ ಆದರೂ, ನೋವಿನಲ್ಲಿರುವವನ ಹತ್ತಿರ ಬಂದು ಮೊದಲು ಕೇಳಿದ ಪ್ರಶ್ನೆ ಅದು. ನೆರೆಮನೆಯವಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಮಾಂಡವ್ಯನಾದರೋ, ತಾನು ಯಾರನ್ನು ದೂರಲಿ, ಬೇರಾರೂ ತನಗೆ ಅಪರಾಧವೆಸಗಿಲ್ಲ ಎಂದಷ್ಟೇ ಹೇಳಿದನು.

ಕೊನೆಗೆ ರಾಜನಿಗೆ ತಪ್ಪು ತಿಳಿಯಿತು. ಓಡಿಬಂದು ಕ್ಷಮೆ ಬೇಡಿದನು. ಶೂಲವನ್ನು ಹೊರಗೆಳೆಯಲು ನೋಡಿದರೆ ಅದು ಬರಲಿಲ್ಲ. ಬುಡಕ್ಕೆ ಕತ್ತರಿಸಿದರು, ತುದಿ ಒಳಗೇ ಉಳಿಯಿತು. ಆ ತುದಿಯನ್ನು ಮೈಯೊಳಗೆ ಇಟ್ಟುಕೊಂಡೇ ಋಷಿಯು ಎದ್ದು ನಡೆದನು, ತೀರ್ಥಗಳನ್ನು ತಿರುಗಿದನು, ತಪಸ್ಸನ್ನು ಮುಂದುವರಿಸಿದನು. ಅಣಿಯೆಂದರೆ ಮೊನೆ. ಅಂದಿನಿಂದ ಅವನಿಗೆ ಅಣಿಮಾಂಡವ್ಯನೆಂದೇ ಹೆಸರಾಯಿತು. ನೋವು ಹೋಗದವರ ಪಾಲಿಗೆ ಇಷ್ಟು ಸಮೀಪದ ಋಷಿ ಮತ್ತೊಬ್ಬನಿಲ್ಲ. ಹೊರಗಿನವರ ಕಣ್ಣಿಗೆ ಶೂಲ ಕಾಣಿಸುವುದಿಲ್ಲ, ಮೈಯೊಳಗೆ ಮೊನೆ ಇದ್ದೇ ಇದೆ, ಆದರೂ ದಿನದ ಕೆಲಸ ನಡೆಯಬೇಕಾಗಿದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಋಷಿಯು ಧರ್ಮರಾಜನ ಸದನಕ್ಕೆ ಹೋಗಿ, ತನಗೆ ಈ ಫಲವನ್ನು ತಂದ ಕೃತ್ಯ ಯಾವುದೆಂದು ನೇರವಾಗಿ ಕೇಳಿದನು. ಬಾಲ್ಯದಲ್ಲಿ ಹುಳುಗಳ ಬಾಲಕ್ಕೆ ಹುಲ್ಲಿನ ಕಡ್ಡಿ ಚುಚ್ಚಿದ್ದೆ, ಅದರ ಫಲವಿದು ಎಂದು ಧರ್ಮನು ಉತ್ತರಿಸಿದನು. ಋಷಿಯು ಈ ಲೆಕ್ಕವನ್ನು ತಲೆಬಾಗಿ ಒಪ್ಪಿಕೊಂಡನೇ? ಇಲ್ಲ. ಅಲ್ಪ ಅಪರಾಧಕ್ಕೆ ಘೋರ ದಂಡ ವಿಧಿಸಿದೆ ಎಂದು ಸಾಕ್ಷಾತ್ ಧರ್ಮನನ್ನೇ ಶಪಿಸಿ, ಮನುಷ್ಯನಾಗಿ ಹುಟ್ಟಿಸಿದನು. ಹದಿನಾಲ್ಕು ವರ್ಷದವರೆಗಿನ ಬಾಲರ ಕೃತ್ಯಕ್ಕೆ ಪಾಪವಿಲ್ಲವೆಂಬ ಹೊಸ ಮರ್ಯಾದೆಯನ್ನೂ ಲೋಕದಲ್ಲಿ ಸ್ಥಾಪಿಸಿದನು. ಪಾಪಪುಣ್ಯಗಳ ಲೆಕ್ಕವನ್ನು ಬರೆದಿಡುವವನ ಕೈಯಿಂದಲೇ ಪ್ರಮಾಣ ತಪ್ಪಿತ್ತೆಂದು ಪುರಾಣವು ಹೇಳುತ್ತಿರುವಾಗ, ಆ ಪುಸ್ತಕವನ್ನು ಒಮ್ಮೆಯೂ ಕಣ್ಣಿನಿಂದ ನೋಡದ ನೆರೆಹೊರೆಯವರು ಅದರ ಪುಟಸಂಖ್ಯೆಯನ್ನು ಹೇಳಹೊರಡುವುದು ಎಷ್ಟರ ಮಟ್ಟಿಗೆ ಯುಕ್ತ? ಕರ್ಮದ ಗತಿ ಗಹನವೆಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಕರ್ಮಸಿದ್ಧಾಂತವು ತನ್ನ ನಡತೆಯನ್ನು ತಿದ್ದಿಕೊಳ್ಳಲು ಕೊಟ್ಟ ಕನ್ನಡಿ. ಅದನ್ನು ಪರರ ಹಾಸಿಗೆಯ ಮುಂದೆ ಹಿಡಿಯಲು ಶಾಸ್ತ್ರದಲ್ಲಿ ಎಲ್ಲಿಯೂ ಅನುಜ್ಞೆ ಇಲ್ಲ.

ಹಾಗಾದರೆ, ದೋಷ ಕಾಣದ ದೇಹದಲ್ಲಿ ನೋವು ಎಲ್ಲಿಂದ ಬಂದಿತು? ವೈದ್ಯಶಾಸ್ತ್ರಜ್ಞರು ಈಚಿನ ವರ್ಷಗಳಲ್ಲಿ ಇದನ್ನು ಬಹಳ ವಿಚಾರಿಸಿದ್ದಾರೆ. 2020ನೆಯ ಇಸವಿಯಲ್ಲಿ ಪ್ರಪಂಚದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನ ಟೊಂಕನೋವಿನಿಂದ ಬಳಲುತ್ತಿದ್ದರೆಂದು ಅಂದಾಜಾಗಿದೆ. ಇಂಥ ನೋವು ಹತ್ತು ಜನರಲ್ಲಿ ಒಂಬತ್ತು ಜನರಿಗೆ ಇಂಥ ಎಲುಬಿನಿಂದ, ಇಂಥ ನರದಿಂದ ಬಂದಿತೆಂದು ಬೆರಳಿಟ್ಟು ತೋರಿಸಲು ಬಾರದು. ಅರ್ಥಾತ್, ಕಾರಣ ಸಿಗದಿರುವುದು ಒಬ್ಬಿಬ್ಬರ ದುರದೃಷ್ಟವಲ್ಲ; ಈ ನೋವಿನ ಸಾಮಾನ್ಯ ಲಕ್ಷಣವೇ ಅದು. ಅರವತ್ತು ಕೋಟಿ ಜನರೆಲ್ಲ ಕೂಡಿ ಅದೇ ಒಂದು ಪಾಪವನ್ನು ಮಾಡಿದ್ದರೆಂದು ಯಾರಾದರೂ ವಾದಿಸುವುದಾದರೆ ವಾದಿಸಲಿ.

ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ಒಂದುಂಟು. ಯಾವ ನೋವೂ ಇಲ್ಲದೆ ಆರಾಮವಾಗಿ ತಿರುಗಾಡುವವರ ಬೆನ್ನಿನ ಚಿತ್ರಗಳನ್ನು ತೆಗೆದು ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಇಪ್ಪತ್ತು ವಯಸ್ಸಿನವರಲ್ಲಿಯೇ ನೂರಕ್ಕೆ 37 ಮಂದಿಯ ಬೆನ್ನೆಲುಬಿನ ನಡುವಣ ಮೆತ್ತೆಗಳು ಸವೆದಿದ್ದುವು. ಎಂಬತ್ತು ವಯಸ್ಸಿನವರಲ್ಲಿ ನೂರಕ್ಕೆ 96 ಮಂದಿಯಲ್ಲಿ ಹಾಗೆಯೇ ಇತ್ತು. ಇವರಾರಿಗೂ ನೋವಿರಲಿಲ್ಲ! ಜೀರ್ಣೋದ್ಧಾರದ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಇದು ಆಶ್ಚರ್ಯವೆನಿಸದು. ಹಳೆಯ ಗುಡಿಯ ಗೋಡೆಯಲ್ಲಿ ಬಿರುಕುಗಳಿರುತ್ತವೆ. ಅನುಭವವುಳ್ಳ ಗವಂಡಿಯು ಅವೆಲ್ಲವನ್ನೂ ಕಂಡು ಗಾಬರಿಯಾಗುವುದಿಲ್ಲ; ನೂರು ವರ್ಷಗಳಿಂದ ಹಾಗೆಯೇ ನಿಂತ ಬಿರುಕು ಗುಡಿಯನ್ನು ಬೀಳಿಸುವುದಿಲ್ಲವೆಂದು ಅವನು ಬಲ್ಲ. ಮತ್ತೊಂದು ಕಡೆ ಗೋಡೆಯ ಮೇಲೆ ಒಂದು ಗೆರೆಯೂ ಇಲ್ಲ, ಆದರೂ ಮಳೆಗಾಲದಲ್ಲಿ ಒಳಗೆ ನೀರು ಜಿನುಗುತ್ತದೆ. ಆ ನೀರು ಸುಳ್ಳೆಂದು ಅವನು ಹೇಳುವನೇ? ಚಿತ್ರದಲ್ಲಿ ಕಂಡ ಸವೆತವೆಲ್ಲ ನೋವಿಗೆ ಕಾರಣವಲ್ಲ. ಚಿತ್ರದಲ್ಲಿ ಕಾಣದ್ದರಿಂದ ನೋವು ಸುಳ್ಳೂ ಅಲ್ಲ.

ಬಂದ ಕಾರಣ ಹೋದಮೇಲೂ ನೋವು ಉಳಿಯುವುದುಂಟು. ಇದಕ್ಕೆ ಸೊಲ್ಲಾಪುರ ಜಿಲ್ಲೆಯೇ ಸಾಕ್ಷಿಯಾಗಿದೆ. 1973ರಲ್ಲಿ ಬಾರ್ಶಿ ಪಟ್ಟಣದಲ್ಲಿ ಚಿಕುನ್‌ಗುನ್ಯಾ ಜ್ವರ ಹಬ್ಬಿತು. 1952ರಲ್ಲಿ ಆಫ್ರಿಕದ ತಾಂಗನೀಕ ದೇಶದಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗದ ಹೆಸರಿಗೆ, ಅಲ್ಲಿಯ ಜನರ ಭಾಷೆಯಲ್ಲಿ, ಮೈಯನ್ನು ಬಗ್ಗಿಸುವುದು ಎಂಬ ಅರ್ಥವಿದೆಯಂತೆ. ಬಾರ್ಶಿಯ ತರುವಾಯ ಮೂರು ದಶಕಗಳವರೆಗೆ ಭಾರತದಲ್ಲಿ ಅದರ ಸುಳಿವು ಇರಲಿಲ್ಲವೆನ್ನುವಷ್ಟು ಅಡಗಿದ್ದು, 2005-06ರಲ್ಲಿ ಮರಳಿ ಬಂದು ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಲಕ್ಷಾಂತರ ಜನರನ್ನು ಹಾಸಿಗೆ ಹಿಡಿಸಿತು. ಜ್ವರ ವಾರದೊಳಗೆ ಇಳಿಯಿತು. ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಮತ್ತೆ ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಸೊಳ್ಳೆಯೊಂದು ಕಚ್ಚಿದ್ದಕ್ಕೆ ಜನ್ಮಾಂತರದ ಪಾಪವನ್ನು ತರುವುದೇಕೆ? ಗಾಯ ಮಾಯ್ದಮೇಲೂ ನರಮಂಡಲವು ನೋವಿನ ಪಾಠವನ್ನು ಮರೆಯದೆ ಇರುವುದುಂಟೆಂದು ತಜ್ಞರು ವಿವರಿಸುತ್ತಾರೆ. ಗುಡಿಯ ಘಂಟೆಯನ್ನು ಭಕ್ತನು ಬಾರಿಸಿದರೆ ನುಡಿಯಬೇಕು. ಗಾಳಿ ಬೀಸಿದರೂ ನುಡಿಯತೊಡಗಿದರೆ ಹೇಗೋ ಹಾಗೆ ಇದು. ನಮ್ಮ ಪೂರ್ವಿಕರು ಇಂಥ ನೋವುಗಳನ್ನು ವಾತಕ್ಕೆ, ಅಂದರೆ ಗಾಳಿಗೆ ಸೇರಿಸಿದ್ದರು. ಚರಕಸಂಹಿತೆಯಲ್ಲಿ ವಾತದ ರೋಗಗಳೆಂದು ಎಂಬತ್ತನ್ನು ಎಣಿಸಿದ್ದಾರೆ. ಟೊಂಕದಿಂದ ಕಾಲಿಗಿಳಿಯುವ ಗೃಧ್ರಸಿಯೂ ಅವುಗಳಲ್ಲಿ ಒಂದು.

ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ಲಕ್ಷಣವಾಕ್ಯವನ್ನು ತಿದ್ದಿ ಬರೆಯಿತು. ಅದರ ಜೊತೆಗೆ ಕೊಟ್ಟ ವಿವರಣೆಯಲ್ಲಿ, ಒಬ್ಬನು ತನಗೆ ನೋವಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದು ಸ್ಪಷ್ಟಪಡಿಸಿದೆ. ವಿಜ್ಞಾನವು ಇಷ್ಟು ಪರೀಕ್ಷಾಯಂತ್ರಗಳನ್ನು ಕಂಡುಹಿಡಿದ ಬಳಿಕ, ರೋಗಿಯ ಬಾಯಿಮಾತಿಗೆ ಪ್ರಮಾಣದ ಸ್ಥಾನವನ್ನು ಮರಳಿ ಕೊಟ್ಟಿತು. ಮನೆಯವರು ಕೊಡಲು ಹಿಂಜರಿಯುವುದೇಕೆ?

ಹೀಗೆಂದು, ಕಾರಣವನ್ನು ಹುಡುಕಲೇಬಾರದೆಂದು ಯಾರೂ ತಿಳಿಯಬಾರದು. ಹತ್ತರಲ್ಲಿ ಉಳಿದ ಒಬ್ಬನಿಗೆ ಕಾರಣವಿರುತ್ತದೆ, ಅವನನ್ನು ಕೈಬಿಡುವುದು ಮಹಾದೋಷ. ಮೂತ್ರ ಮಲಗಳ ಹತೋಟಿ ತಪ್ಪಿದರೆ, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಾದರೆ, ಕಾಲುಗಳ ಬಲ ಕುಂದಿದರೆ ಆ ದಿನವೇ ಆಸ್ಪತ್ರೆಗೆ ಧಾವಿಸತಕ್ಕದ್ದು. ಸಂಜೆಯ ಜ್ವರ, ಮೈ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇವು ಬೆನ್ನೆಲುಬಿನ ಕ್ಷಯದ ಅಥವಾ ಅರ್ಬುದದ ಸೂಚನೆಯಾಗಿರಬಹುದು. ನಲವತ್ತರೊಳಗಿನ ತರುಣನಿಗೆ ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೇಲ್ಪಟ್ಟು ಟೊಂಕ ಬಿಗಿದು, ವಿಶ್ರಮಿಸಿದರೆ ಹೆಚ್ಚಾಗಿ, ಓಡಾಡಿದರೆ ಸಡಿಲವಾಗುವುದಾದರೆ ಅದು ಬೆನ್ನೆಲುಬಿನ ಒಂದು ಬಗೆಯ ಸಂಧಿವಾತವಾಗಿರಬಹುದು. ಹುಡುಗ ಸೋಮಾರಿ, ಏಳಲು ಬೇಸರಪಡುತ್ತಾನೆಂದು ಬೈಯುತ್ತ ಇಂಥ ರೋಗವನ್ನು ವರ್ಷಗಳವರೆಗೆ ಗುರುತಿಸದೆ ಬಿಟ್ಟ ಮನೆಗಳುಂಟು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ ಊರುಗಳಲ್ಲಿ ಬೆನ್ನೂ ಕೀಲುಗಳೂ ಬಿಗಿಯುತ್ತವೆ. ಅಲ್ಲಿ ಪರೀಕ್ಷೆಯಾಗಬೇಕಾದುದು ನೀರಿಗೆ. ವೈದ್ಯನ ಹತ್ತಿರ ಹೋಗುವುದು ಭಕ್ತಿಗೆ ಕುಂದೆಂದು ಎಣಿಸುವವರು, ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಮದ್ದಿನ ಕಾಯಕದವನಿದ್ದನೆಂಬುದನ್ನೂ, ಅವನ ವಚನಗಳ ಅಂಕಿತದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರನ ಹೆಸರೇ ಇರುವುದನ್ನೂ ನೆನೆಯಲಿ.

ಇನ್ನು, ಪರೀಕ್ಷೆಗಳೆಲ್ಲ ಮುಗಿದು, ಭಯಪಡತಕ್ಕ ರೋಗವಿಲ್ಲವೆಂದು ತಿಳಿದು, ನೋವು ಮಾತ್ರ ಉಳಿದವರ ದಾರಿ ಯಾವುದು?

ನೋವು ಬಂದವರು ಮೊದಲು ಮಾಡುವ ಕೆಲಸ ಮಲಗುವುದು. ಎರಡು ದಿನಗಳ ಮಟ್ಟಿಗೆ ಅದು ಹಿತವೇ. ತಿಂಗಳುಗಟ್ಟಲೆ ಮಲಗಿದರೆ ಮಾಂಸಖಂಡಗಳು ಕರಗಿ, ಕೀಲುಗಳು ಜಡವಾಗಿ, ಏಳುವುದೇ ಭಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರದಲ್ಲಿ ಬಹುಕಾಲದ ಟೊಂಕನೋವಿಗಾಗಿ ಹೊರಡಿಸಿದ ಮಾರ್ಗದರ್ಶಿಕೆಯಲ್ಲಿ, ನೋವಿನ ಸ್ವರೂಪವನ್ನು ರೋಗಿಗೆ ತಿಳಿಸಿಹೇಳುವುದು, ಕ್ರಮವಾದ ವ್ಯಾಯಾಮ, ಮರ್ದನ, ಮನಸ್ಸಿಗೆ ಧೈರ್ಯ ಕಲಿಸುವ ಚಿಕಿತ್ಸೆ ಇವುಗಳನ್ನು ಮುಖ್ಯವಾಗಿ ಹೇಳಿದೆ. ಟೊಂಕಕ್ಕೆ ಬಿಗಿಯುವ ಪಟ್ಟಿಗಳನ್ನೂ, ಭಾರ ಕಟ್ಟಿ ಎಳೆಯುವ ಉಪಚಾರವನ್ನೂ, ಅಫೀಮಿನ ಜಾತಿಯ ನೋವುಮದ್ದುಗಳನ್ನೂ ಸಾಮಾನ್ಯವಾಗಿ ಬಳಸಬಾರದೆಂದಿದೆ. ಸಾವಿರಾರು ರೂಪಾಯಿಗಳ ಪಟ್ಟಿಯನ್ನು ಕೊಂಡು ಕಟ್ಟಿಕೊಂಡವರು ಇದನ್ನು ಕೇಳಿ ನೊಂದುಕೊಳ್ಳದೆ, ಅದನ್ನು ಬಿಚ್ಚಿಟ್ಟು ನಡೆಯಲು ಕಲಿಯಲಿ.

ದೇಹವನ್ನು ಶಿವಾಲಯಕ್ಕೆ ಹೋಲಿಸಿದ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ, ಕಟ್ಟಿನಿಲ್ಲಿಸಿದ್ದು ಒಂದು ದಿನ ಅಳಿಯುತ್ತದೆ, ಚಲಿಸುವುದು ಅಳಿಯದು ಎಂಬ ಭಾವವಿದೆ. ಅದರ ಗೂಢಾರ್ಥವನ್ನು ಅನುಭಾವಿಗಳು ಬಲ್ಲರು. ಟೊಂಕನೋವಿನವನು ಅದರ ವಾಚ್ಯಾರ್ಥವನ್ನು ಹಿಡಿದರೂ ಕೆಡುಕಾಗದು. ಗುಡಿಯ ಪ್ರದಕ್ಷಿಣೆಯನ್ನು ಇಂದು ಒಂದು ಸುತ್ತು, ನಾಳೆಯೂ ಒಂದು ಸುತ್ತು, ವಾರದ ಬಳಿಕ ಎರಡು. ನೋವು ಕಡಿಮೆಯಿದ್ದ ದಿನ ಉತ್ಸಾಹದಿಂದ ಇಪ್ಪತ್ತು ಸುತ್ತು ಹಾಕಿ, ಮರುದಿನ ಹಾಸಿಗೆ ಹಿಡಿಯುವುದು ಬಹಳ ಜನ ಮಾಡುವ ಕೆಲಸ. ಮಿತಿಯನ್ನು ನೋವಿನ ಕೈಗೂ ಉತ್ಸಾಹದ ಕೈಗೂ ಕೊಡದೆ, ನೇಮದ ಕೈಗೆ ಕೊಡಬೇಕು.

ನೇಮದ ವಿಷಯ ಬಂದುದರಿಂದ ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಅವರು ಕಠಿನವಾದ ವಾತರೋಗದಿಂದ ಪೀಡಿತರಾಗಿ ಗುರುವಾಯೂರಿನ ಸನ್ನಿಧಿಯಲ್ಲಿ ಕುಳಿತು, ಭಾಗವತದ ಸಾರವಾದ ನಾರಾಯಣೀಯವನ್ನು ನೂರು ದಶಕಗಳಲ್ಲಿ, ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆಯುಸ್ಸು, ಆರೋಗ್ಯ, ಸೌಖ್ಯಗಳನ್ನು ಬೇಡುವ ಅದರ ಕೊನೆಯ ಪದವನ್ನು ಕಟಪಯಾದಿ ಕ್ರಮದಲ್ಲಿ ಎಣಿಸಿದರೆ 17,12,210 ಎಂಬ ಕಲಿದಿನಸಂಖ್ಯೆ ಬರುತ್ತದೆ; ಅದು 1586ನೆಯ ಇಸವಿಗೆ ಹೊಂದುತ್ತದೆ. ಪ್ರವಚನಕಾರರು ಈ ಕಥೆಯ ಕೊನೆಯಲ್ಲಿ ಬರುವ ರೋಗಪರಿಹಾರವನ್ನೇ ಎತ್ತಿ ಹೇಳುವರು. ಅದಕ್ಕಿಂತ ಹಿಂದಿನ ತೊಂಬತ್ತೊಂಬತ್ತು ದಿನಗಳು ಹೆಚ್ಚು ವಿಚಾರಾರ್ಹ. ಪ್ರತಿದಿನವೂ ಸುಮಾರು ಹತ್ತು ಶ್ಲೋಕ; ಹೆಚ್ಚೂ ಇಲ್ಲ, ಬಿಟ್ಟದ್ದೂ ಇಲ್ಲ. ದಶಕದ ಕೊನೆಗೆ ಬಂದಾಗಲೆಲ್ಲ, ದೇವಾ, ನನ್ನ ರೋಗವನ್ನು ನಿವಾರಿಸು ಎಂದು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ನೆನ್ನೆ ಕೇಳಿದ್ದೇನೆ, ಇಂದು ಮತ್ತೆ ಕೇಳುವುದು ಹೇಗೆಂಬ ಸಂಕೋಚವನ್ನು ಅಷ್ಟು ದೊಡ್ಡ ಪಂಡಿತರು ಇಟ್ಟುಕೊಳ್ಳಲಿಲ್ಲ. ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಭಕ್ತಿಗೆ ವಿರುದ್ಧವಲ್ಲ. ಹೇಳುತ್ತಲೇ ಅಂದಿನ ಹತ್ತು ಶ್ಲೋಕಗಳನ್ನು ಮುಗಿಸಬಹುದು.

ಹರಕೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಟೊಂಕನೋವು ಹೋಗಲೆಂದು ಬಿಸಿಲಿನಲ್ಲಿ ದೀಡ ನಮಸ್ಕಾರ ಹಾಕುವುದಾಗಿ ಹರಕೆ ಹೊತ್ತು, ಅದನ್ನು ತೀರಿಸಲು ಹೋಗಿ ಇದ್ದ ನೋವನ್ನು ಇಮ್ಮಡಿಸಿಕೊಂಡವರಿದ್ದಾರೆ. ಭಕ್ತನ ಟೊಂಕ ಮುರಿಯುವುದರಿಂದ ಪ್ರಸನ್ನನಾಗುವ ದೇವರು ನಮ್ಮ ಯಾವ ಗುಡಿಯಲ್ಲಿಯೂ ಇಲ್ಲ. ಹರಕೆ ಹೊತ್ತವರು ಪೂಜಾರಿಗಳನ್ನೋ ಸ್ವಾಮಿಗಳನ್ನೋ ಕೇಳಿ ಅದನ್ನು ನಡಿಗೆಗೋ ದಾಸೋಹಕ್ಕೋ ಬದಲಾಯಿಸಿಕೊಳ್ಳಲಿ. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಮಾರುವ ಹೆಸರಿಲ್ಲದ ಪುಡಿಗಳ ಮತ್ತು ಕರಿಗುಳಿಗೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಂಥವುಗಳಲ್ಲಿ ಸ್ಟೀರಾಯಿಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಕಂಡುಬಂದುದುಂಟು. ಮೊದಲ ವಾರ ಪವಾಡದಂತೆ ನೋವು ಮಾಯವಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಮುಖ ಊದಿ, ಸಕ್ಕರೆಯ ರೋಗ ಹತ್ತಿ, ಎಲುಬು ಟೊಳ್ಳಾಗುತ್ತದೆ.

ಟೊಂಕದ ಮಾತಾಡುವಾಗ ಪಂಢರಪುರದ ವಿಠ್ಠಲನನ್ನು ಮರೆಯಲಾಗದು. ಟಾಕಳಿಯ ಸೇತುವೆಯ ಕೆಳಗೆ ಹರಿಯುವ ಭೀಮೆಯೇ ಅಲ್ಲಿ ಚಂದ್ರಭಾಗೆಯೆನಿಸಿದ್ದಾಳೆ. ಟೊಂಕದ ಮೇಲೆ ಎರಡೂ ಕೈಗಳನ್ನಿಟ್ಟು ಇಟ್ಟಿಗೆಯ ಮೇಲೆ ನಿಂತ ದೇವರು ಅವನು. ಆ ಕೈಗಳು ಅಲ್ಲಿ ಏಕಿವೆ ಎಂಬುದಕ್ಕೆ ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಪಾಂಡುರಂಗಾಷ್ಟಕವು ಒಂದು ಅರ್ಥವನ್ನು ಹೇಳುತ್ತದೆ: ತನ್ನವರಿಗೆ ಭವಸಾಗರದ ಆಳ ಇಷ್ಟೇ, ಟೊಂಕದವರೆಗೆ ಮಾತ್ರ, ಎಂದು ದೇವರು ಕೈಯಿಟ್ಟು ಅಳತೆ ತೋರಿಸುತ್ತಿದ್ದಾನಂತೆ. ನೀರು ಇಲ್ಲವೆಂದು ಅವನು ಹೇಳಲಿಲ್ಲ. ಟೊಂಕದವರೆಗಿನ ನೀರಿನಲ್ಲಿ ನಡೆಯುವುದು ಕಷ್ಟ, ನಿಧಾನ. ಆದರೂ ಕಾಲಿಗೆ ನೆಲ ಸಿಗುತ್ತದೆ.

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಭಕ್ತರು ಮನೆಮನೆಯ ಗೋಡೆಗಳ ಮೇಲೆ ಬರೆಯಿಸಿರುವ ಅಭಯವಚನವೂ ಬೆನ್ನಿಗೇ ಸಂಬಂಧಿಸಿದ್ದು. 1878ರಲ್ಲಿ ಸಮಾಧಿಸ್ಥರಾದ ಆ ಮಹಾತ್ಮರು, ಭಯಪಡಬೇಡ, ನಿನ್ನ ಬೆನ್ನಿಗೆ ತಾನಿದ್ದೇನೆ ಎಂದು ಭಕ್ತರಿಗೆ ಧೈರ್ಯ ಹೇಳಿದರೆಂಬ ನಂಬಿಕೆಯಿದೆ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಆಸರೆ ಕೊಡುವುದಕ್ಕೆ ಬೆನ್ನಿಗೆ ನಿಲ್ಲುವುದೆಂದೇ ಹೇಳುತ್ತಾರೆ. ಗೋಡೆಯ ಮೇಲೆ ಈ ವಾಕ್ಯವನ್ನು ತೂಗುಹಾಕಿ, ಅದರ ಕೆಳಗೆಯೇ ನೋವಿನಿಂದ ಕುಳಿತ ಅತ್ತೆಗೆ ‘ಏನ್ ನಾಟಕ’ ಎನ್ನುವ ಸೊಸೆಯೂ, ಸೊಸೆಗೆ ‘ನಮ್ ಕಾಲದಾಗ ಹಿಂಗ ಮಲಗತಿದ್ದಿಲ್ಲ’ ಎನ್ನುವ ಅತ್ತೆಯೂ ಆ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳಿತು. ಬೆನ್ನಿಗೆ ನಿಲ್ಲುವುದೆಂದರೆ ದೊಡ್ಡ ಕೆಲಸವೇನಲ್ಲ. ಕೊಡಪಾನವನ್ನು ಎತ್ತಿಕೊಡುವುದು, ಬೀಡಿ ಕಟ್ಟುವವರನ್ನು ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ಇಂದು ಹೇಗಿದೆ ಎಂದು ಕೇಳಿ ಉತ್ತರವನ್ನು ನಂಬುವುದು.

ಗುಡಿಗೂ ಇದೇ ನ್ಯಾಯ ಸಲ್ಲುತ್ತದೆ. ಜೀರ್ಣೋದ್ಧಾರವೆಂದರೆ ಶಿಖರಕ್ಕೆ ಬಣ್ಣ, ಗರ್ಭಗುಡಿಗೆ ಹೊಸ ಕಲ್ಲು ಎಂಬುದು ಸಾಮಾನ್ಯ ತಿಳಿವಳಿಕೆ. ಮೆಟ್ಟಿಲ ಬದಿಗೆ ಕೈಯಾಸರೆಯ ಕಂಬಿ ಹಾಕಿಸುವುದೂ, ಸಭಾಮಂಟಪದ ಅಂಚಿಗೆ ಮೊಣಕಾಲೆತ್ತರದ ಕಟ್ಟೆ ಕಟ್ಟಿಸುವುದೂ ಅಷ್ಟೇ ಪುಣ್ಯಕಾರ್ಯ. ನೆಲದ ಮೇಲೆ ಕೂಡಲಾರದೆ ಭಜನೆಗೆ ಬರುವುದನ್ನೇ ಬಿಟ್ಟ ಹಿರಿಯರು ಎಷ್ಟು ಮಂದಿ! ಕುರ್ಚಿಯ ಮೇಲೆ ಕುಳಿತರೆ ದೇವರ ಮುಂದೆ ಅಹಂಕಾರವೆಂದು ಯಾರೋ ಕಣ್ಣು ಬಿಡುತ್ತಾರೆಂಬ ಭಯ ಅವರಿಗೆ. ಬಾಗಲಾರದ ಟೊಂಕದವನು ಬಾಗಿಲಲ್ಲಿ ನಿಂತು ಕೈಮುಗಿದರೆ ಅದು ಸಾಷ್ಟಾಂಗಕ್ಕಿಂತ ಕಡಿಮೆಯೆಂದು ಲಿಂಗವು ಹೇಳುವುದಿಲ್ಲ. ಹೇಳುವವರೆಲ್ಲ ನೆರೆದ ಜನರೇ.

ಸೊನ್ನಲಿಗೆಯ ಸಿದ್ಧರಾಮನು ಯೋಗಿಯಾಗಿದ್ದೂ ಕೆರೆಯನ್ನು ತೋಡಿಸಿದನು. ಹದಿಮೂರನೆಯ ಶತಮಾನದ ರಾಘವಾಂಕನು ಸಿದ್ಧರಾಮಚಾರಿತ್ರದಲ್ಲಿ ಅದನ್ನು ವಿಸ್ತಾರವಾಗಿ ಹಾಡಿದ್ದಾನೆ. ಆ ಕೆರೆಯ ನಡುವೆ ಅವನ ಗುಡಿ ಇಂದಿಗೂ ಇದೆ. ಅಷ್ಟು ಮಣ್ಣನ್ನು ಹೊತ್ತ ಬೆನ್ನುಗಳ ಲೆಕ್ಕವನ್ನು ಯಾವ ಶಾಸನವೂ ಬರೆದಿಡಲಿಲ್ಲ. ಆದರೆ ಸಂಕ್ರಾಂತಿಯ ಗಡ್ಡೆಯ ಜಾತ್ರೆಯ ಮೊದಲ ದಿನದ ವಿಧಿಗೆ ಸೊಲ್ಲಾಪುರದ ಜನ, ಮರಾಠಿ ಮಾತನಾಡುವವರೂ ಸೇರಿ, ಇಂದಿಗೂ ಕನ್ನಡದ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಅದು ಎಣ್ಣೆಮಜ್ಜನ. ಊರ ಸುತ್ತ ಸಿದ್ಧರಾಮನು ಸ್ಥಾಪಿಸಿದನೆನ್ನುವ ಅರವತ್ತೆಂಟು ಲಿಂಗಗಳಿಗೆ ಅಂದು ಎಣ್ಣೆಯನ್ನು ಸವರಿ ಅಭಿಷೇಕ ಮಾಡುತ್ತಾರೆ. ಎಣ್ಣೆಮಜ್ಜನವನ್ನು ಕಲ್ಲಿನ ಲಿಂಗಕ್ಕೇ ಅವಶ್ಯವೆಂದು ಬಗೆದ ಹಿರಿಯರು, ನೋಯುವ ಕೀಲುಗಳಿಗೆ ಬೆಚ್ಚನೆಯ ಎಣ್ಣೆಯ ಕೈ ಎಷ್ಟು ಹಿತವೆಂಬುದನ್ನು ಬಲ್ಲವರೇ ಆಗಿರಬೇಕು.

ಅಂದಿನ ಮೆರವಣಿಗೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಬಾರಾಬಂದಿ ತೊಟ್ಟ ಭಕ್ತರು ಆ ಎತ್ತರದ ಧ್ವಜಸ್ತಂಭವನ್ನು ನೆಟ್ಟಗೆ ಎತ್ತಿ ನಡೆಯುತ್ತಾರೆ. ಒಬ್ಬನೇ ಕೊನೆಯವರೆಗೆ ಹೊರುವುದಿಲ್ಲ. ಸ್ವಲ್ಪ ದೂರ ನಡೆದಮೇಲೆ ಪಕ್ಕದವನು ಕೈ ಕೊಡುತ್ತಾನೆ, ಭಾರ ಅವನಿಗೆ ಹೋಗುತ್ತದೆ. ಒಂದು ಕಾಲದಲ್ಲಿ ಹೊತ್ತವರು, ಈಗ ಟೊಂಕ ಸೋತವರು, ಬಿಳಿಯ ರುಮಾಲು ಸುತ್ತಿಕೊಂಡು ಧ್ವಜದ ಪಕ್ಕದಲ್ಲಿಯೇ ತಮ್ಮ ಶಕ್ತಿಯಿದ್ದಷ್ಟು ದೂರ ನಡೆದುಬರುತ್ತಾರೆ. ದಣಿದಲ್ಲಿ ಯಾವುದಾದರೊಂದು ಲಿಂಗದ ಕಟ್ಟೆಯ ಮೇಲೆ ಕುಳಿತು, ಧ್ವಜಗಳು ಮುಂದಕ್ಕೆ ಸಾಗುವುದನ್ನು ನೋಡುತ್ತಾರೆ.